ಸರಾಸರಿಯಲ್ಲಿ ನಮ್ಮ ಪಾಲು

ಕುಡಿತದ ಮಾತು ಬಂದಾಗಲೆಲ್ಲ ನಮ್ಮ ಗಂಡಸರು ರಷ್ಯದವರನ್ನು ಎಳೆದು ತರುತ್ತಾರೆ. "ಅವರ ಮುಂದೆ ನಮ್ಮದೇನು ಮಹಾ!" ಎಂಬ ಈ ಸಮಾಧಾನವನ್ನು ಮದುವೆ ಮನೆಗಳಲ್ಲಿ, ನೆಂಟರಿಷ್ಟರ ಜಗಲಿಗಳಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ. ಹೋಲಿಸುವುದಾದರೆ ಸರಿಯಾಗಿಯೇ ಹೋಲಿಸೋಣ.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರತಂದ ವರದಿಯಲ್ಲಿ ಎರಡೂ ದೇಶಗಳ ಲೆಕ್ಕವಿದೆ. ಹದಿನೈದು ತುಂಬಿದ ಪ್ರತಿಯೊಬ್ಬರ ತಲೆಗೆ ವರ್ಷಕ್ಕೆ ಎಷ್ಟು ಶುದ್ಧ ಮದ್ಯಸಾರ ಬೀಳುತ್ತದೆ ಎಂಬ ಲೆಕ್ಕ ಅದು. 2005ರಲ್ಲಿ ರಷ್ಯದ್ದು 18.7 ಲೀಟರು, ಭಾರತದ್ದು 2.4. 2016ರ ಹೊತ್ತಿಗೆ ಅವರದು 11.7ಕ್ಕೆ ಇಳಿದಿತ್ತು, ನಮ್ಮದು 5.7ಕ್ಕೆ ಏರಿತ್ತು. ಎಂಟು ಪಟ್ಟಿನಷ್ಟಿದ್ದ ಅಂತರ ಹನ್ನೊಂದೇ ವರ್ಷದಲ್ಲಿ ಎರಡು ಪಟ್ಟಿಗೆ ಬಂದು ನಿಂತಿತು. ಅವರು ಮೆಟ್ಟಿಲಿಳಿಯುತ್ತಿದ್ದಾರೆ, ನಾವು ಹತ್ತುತ್ತಿದ್ದೇವೆ. ಇದರಲ್ಲಿ ಹೆಮ್ಮೆಪಡುವುದೇನಿದೆ?

ಈ 5.7 ಲೀಟರಿನಲ್ಲೂ ಒಂದು ಗುಟ್ಟಿದೆ. ರಷ್ಯದಲ್ಲಿ ಹೆಂಗಸರೂ ಸಾಕಷ್ಟು ಮಂದಿ ಕುಡಿಯುತ್ತಾರೆ. ನಮ್ಮಲ್ಲಿ ಹಾಗಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕುಡಿಯುತ್ತೇವೆಂದವರು ಗಂಡಸರಲ್ಲಿ ನೂರಕ್ಕೆ 19, ಹೆಂಗಸರಲ್ಲಿ ನೂರಕ್ಕೆ ಒಬ್ಬರು. ಆದರೂ ಭಾಗಿಸುವಾಗ ನನ್ನನ್ನು, ನಿಮ್ಮನ್ನು, ನಿಮ್ಮ ಅತ್ತೆಯವರನ್ನು, ಕಾಲೇಜಿಗೆ ಹೋಗುವ ಮಗಳನ್ನು, ಎಲ್ಲರನ್ನೂ ಸೇರಿಸಿಕೊಳ್ಳುತ್ತಾರೆ. ತೊಟ್ಟೂ ಮುಟ್ಟದ ನಾವು ಪಾಲುದಾರರಾಗಿ ನಿಂತು ಅವರ ಲೆಕ್ಕವನ್ನು ಹಗುರ ಮಾಡುತ್ತಿದ್ದೇವೆ! ಕುಡಿಯುವವರನ್ನಷ್ಟೇ ಎಣಿಸಿದರೆ ಅದೇ ವರದಿಯಲ್ಲಿ ನಮ್ಮ ಸಂಖ್ಯೆ 14 ಲೀಟರು ದಾಟುತ್ತದೆ.

ರಷ್ಯ ಇಳಿದದ್ದು ಹೇಗೆ? 1985ರಲ್ಲಿ ಗೋರ್ಬಚೇವ್ ಒಮ್ಮೆಲೇ ಕಡಿವಾಣ ಹಾಕಿದರು. ದ್ರಾಕ್ಷಿ ತೋಟಗಳನ್ನೇ ಕಿತ್ತರು. ಸಾವು ಕಡಿಮೆಯಾದದ್ದು ನಿಜ. ಆದರೆ ಜನ ಮನೆಯಲ್ಲೇ ಕಳ್ಳಭಟ್ಟಿ ಇಳಿಸತೊಡಗಿ ಅಂಗಡಿಗಳಲ್ಲಿ ಸಕ್ಕರೆ ಸಿಗದಂತಾಯಿತು. ಬಿಗಿ ಸಡಿಲವಾಯಿತು, ಸೋವಿಯತ್ ಒಕ್ಕೂಟವೂ ಒಡೆಯಿತು. 1994ರ ಹೊತ್ತಿಗೆ ಅಲ್ಲಿನ ಗಂಡಸಿನ ಸರಾಸರಿ ಆಯಸ್ಸು ಅರವತ್ತಕ್ಕೂ ಕೆಳಗಿತ್ತು. ಮುಂದೆ ಅವರು ಹಿಡಿದ ದಾರಿ ಬೇರೆ. ವೋಡ್ಕಾ ಇಷ್ಟಕ್ಕಿಂತ ಅಗ್ಗವಾಗಕೂಡದೆಂದು 2010ರಲ್ಲಿ ಕನಿಷ್ಠ ಬೆಲೆ ಕಟ್ಟಿದರು. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಎಂಟರವರೆಗೆ ಅಂಗಡಿ ಮಾರಾಟ ನಿಲ್ಲಿಸಿದರು. ಅಲ್ಲಿಯವರೆಗೆ ತಿಂಡಿ ತೀರ್ಥದ ಸಾಲಿನಲ್ಲಿದ್ದ ಬಿಯರನ್ನು ಮದ್ಯವೆಂದೇ ಕಾನೂನು ಮಾಡಿದರು. 2018ಕ್ಕೆ ಗಂಡಸಿನ ಆಯಸ್ಸು 68ರ ಸಮೀಪಕ್ಕೆ ಬಂತು. ಕುಡಿತ ತಗ್ಗಿದ್ದು ಇದಕ್ಕೊಂದು ಮುಖ್ಯ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಇನ್ನು ನಮ್ಮ ಕರ್ನಾಟಕ. 2007ರಲ್ಲಿ ಸಾರಾಯಿ ನಿಂತಾಗ ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಪ್ಯಾಕೆಟ್ ಹೋಗಿ ಬಾಟಲಿ ಬಂತು, ಅಷ್ಟೇ. 2024–25ರ ಬಜೆಟ್ಟಿನಲ್ಲಿ ಅಬಕಾರಿಯಿಂದ 38,525 ಕೋಟಿ ರೂಪಾಯಿ ಬರಬೇಕೆಂದು ಗುರಿ ಇಟ್ಟರು. ಮರುವರ್ಷ 40,000 ಕೋಟಿ. ಗುರಿ! ಮಕ್ಕಳ ಪರೀಕ್ಷೆಗೆ, ಲಸಿಕೆಗೆ ಗುರಿ ಇಡುವುದು ಗೊತ್ತು. ಆ ಕೋಟಿಗಳು ಯಾರ ಮನೆಯ ದಿನಸಿಯಿಂದ, ಯಾರ ಮಗುವಿನ ಫೀಸಿನಿಂದ, ಯಾರ ಕಿವಿಯ ಓಲೆಯಿಂದ ಬರಬೇಕು? ಕುಡಿಯದವಳೇ ಕುಡಿತದ ಬಿಲ್ಲು ಕಟ್ಟುತ್ತಿದ್ದಾಳೆ.

2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. "ನಿಷೇಧ ಎಲ್ಲಿ ಗೆದ್ದಿದೆ? ಆಂಧ್ರದಲ್ಲಿ 1995ರಲ್ಲಿ ತಂದದ್ದನ್ನು 1997ರಲ್ಲಿ ಕೈಬಿಡಲಿಲ್ಲವೇ?" ಎಂದು ಬುದ್ಧಿವಂತರು ಕೇಳುತ್ತಾರೆ. ಸರಿ, ನಿಷೇಧ ಬೇಡವೆಂದೇ ಇಟ್ಟುಕೊಳ್ಳೋಣ. ನಿಷೇಧವಿಲ್ಲದೆಯೇ ಇಳಿಸಿದ ದೇಶ ಕಣ್ಣ ಮುಂದಿದೆಯಲ್ಲ, ಅದನ್ನಾದರೂ ಮಾಡಿ. ಅಂಗಡಿಗಳನ್ನು ಕಡಿಮೆ ಮಾಡಿ, ಹೊತ್ತು ಕಡಿಮೆ ಮಾಡಿ, ಪ್ರತಿ ಬಜೆಟ್ಟಿನಲ್ಲಿ ಇಷ್ಟು ಲೀಟರು ಇಳಿಸುತ್ತೇವೆಂದು ಗುರಿ ಇಡಿ. ಓಟು ಕೇಳಲು ಬಾಗಿಲಿಗೆ ಬಂದವರನ್ನು ನಾನಂತೂ ಇದನ್ನೇ ಕೇಳುತ್ತೇನೆ. ನೀವೂ ಕೇಳಿ.