‘ಅವಳ ಸ್ವಭಾವವೇ ಹಾಗೆ’

ಹೆರಿಗೆಯಾಗಿ ಎರಡು ತಿಂಗಳಾದರೂ ತಾಯಿಯ ಮುಖದಲ್ಲಿ ಗೆಲುವಿಲ್ಲ. ಮಗು ಮಲಗಿದರೂ ಅವಳಿಗೆ ನಿದ್ದೆ ಹತ್ತದು. ಉಸಿರಾಡುತ್ತಿದೆಯೇ ಎಂದು ಮತ್ತೆ ಮತ್ತೆ ಎದ್ದು ನೋಡುತ್ತಾಳೆ. ಡಲ್ಲಾಸ್ ಬಳಿಯ ಫ್ರಿಸ್ಕೊ ಇರಲಿ, ಹ್ಯೂಸ್ಟನ್ ಬಳಿಯ ಶುಗರ್‌ಲ್ಯಾಂಡ್ ಇರಲಿ, ಆಸ್ಟಿನ್ ಬಳಿಯ ರೌಂಡ್‌ರಾಕ್ ಇರಲಿ, ನಮ್ಮವರ ಮನೆಗಳಲ್ಲಿ ಇದಕ್ಕೊಂದು ಸಿದ್ಧ ಉತ್ತರವಿದೆ: ‘ಅವಳ ಸ್ವಭಾವವೇ ಹಾಗೆ, ಮೊದಲಿನಿಂದಲೂ ಪುಕ್ಕಲು.’

ಸಂಶೋಧನೆಯೂ ಈ ಮಾತಿಗೆ ಅರ್ಧ ಸಮ್ಮತಿ ನೀಡುತ್ತದೆ ಎಂಬುದೇ ತೊಡಕು. ವ್ಯಕ್ತಿತ್ವದ ಐದು ಮುಖ್ಯ ಗುಣಗಳಲ್ಲಿ ನ್ಯೂರಾಟಿಸಿಸಂ, ಅಂದರೆ ಬೇಗ ಕಳವಳಗೊಳ್ಳುವ, ನೋವನ್ನು ಆಳವಾಗಿ ಹಚ್ಚಿಕೊಳ್ಳುವ ಪ್ರವೃತ್ತಿ, ಹೆರಿಗೆಯ ನಂತರದ ಖಿನ್ನತೆ ಹಾಗೂ ಆತಂಕಗಳೊಡನೆ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಎಲ್ಲವೂ ಕುಂದಿಲ್ಲದೆ ನಡೆಯಬೇಕೆಂಬ ಹಟವೂ ಅಂಥದೇ. ಆದರೆ ಖಿನ್ನಳಾದವಳನ್ನು ಆ ಹೊತ್ತಿನಲ್ಲೇ ಪ್ರಶ್ನಿಸಿದರೆ ಅವಳ ಉತ್ತರಗಳಲ್ಲಿ ಸ್ವಭಾವ ಎಷ್ಟು, ಕಾಯಿಲೆ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಗರ್ಭಿಣಿಯಾಗಿದ್ದಾಗಲೇ ಅಳೆದ ಅಧ್ಯಯನಗಳಲ್ಲಿಯೂ ನಂಟು ಉಳಿಯುತ್ತದೆ, ನಿಜ. ಆದರೂ ಅದು ಯಾರ ಕಡೆ ಮೊದಲೇ ಗಮನ ಹರಿಸಬೇಕೆಂಬುದರ ಸೂಚನೆಯೇ ಹೊರತು ಅವಳ ಮೇಲಿನ ತೀರ್ಪಲ್ಲ. ಹೃದ್ರೋಗವಿರುವ ಮನೆತನದವನಿಗೆ ಎದೆನೋವು ಬಂದಾಗ ‘ಅವನ ವಂಶವೇ ಹಾಗೆ’ ಎಂದು ಯಾರೂ ಸುಮ್ಮನಿರುವುದಿಲ್ಲವಲ್ಲ!

ಸ್ವಭಾವವನ್ನು ದೂರುವುದರಲ್ಲಿ ಇನ್ನೊಂದು ಅನುಕೂಲವಿದೆ. ಸುತ್ತಲಿನ ಬದುಕನ್ನು ನೋಡಬೇಕಾಗಿಲ್ಲ. ಹೆಚ್-4 ವೀಸಾದ ಮೇಲೆ ಬಂದ ಹೆಂಡತಿಗೆ, ಗಂಡನ ಹಸಿರು ಕಾರ್ಡಿನ ಅರ್ಜಿ ಒಂದು ಹಂತ ದಾಟುವವರೆಗೆ ಸಾಮಾನ್ಯವಾಗಿ ಉದ್ಯೋಗದ ಪರವಾನಗಿ ಇಲ್ಲ. ಆ ಪರವಾನಗಿ ಬಂದದ್ದೂ 2015ರಲ್ಲಿ. ಗಂಡನ ಕೆಲಸ ಹೋದರೆ ಬೇರೆ ದಾರಿ ಹುಡುಕಿಕೊಳ್ಳಲು ಹೆಚ್ಚೆಂದರೆ 60 ದಿನ, ಜೊತೆಗೆ ಕಂಪನಿಯ ವಿಮೆಯ ಚಿಂತೆ. ಬಾಣಂತನಕ್ಕೆ ಊರಿನಿಂದ ಬಂದ ತಾಯಿಗೆ ಸಾಮಾನ್ಯವಾಗಿ ಸಿಗುವುದು ಆರು ತಿಂಗಳ ವಾಸ. ವೀಸಾವೇ ಸಿಗದಿದ್ದರೆ ಎಣ್ಣೆ ನೀರು, ಖಾರ, ಕಷಾಯಗಳೆಲ್ಲ ವಿಡಿಯೊ ಕರೆಯಲ್ಲೇ. ಸ್ವಂತ ಉದ್ಯೋಗವಿರುವವಳಿಗೂ ಒಕ್ಕೂಟದ ಕಾನೂನು 1993ರಿಂದ ಕೊಡುತ್ತಿರುವುದು 12 ವಾರಗಳ ಸಂಬಳರಹಿತ ರಜೆ, ಅದೂ ಎಲ್ಲರಿಗಲ್ಲ. ಇಂಥ ಸ್ಥಿತಿಯಲ್ಲಿ ಕಳವಳಪಡುವವಳನ್ನು ಪುಕ್ಕಲು ಎನ್ನುವುದಕ್ಕಿಂತ ವಾಸ್ತವ ಬಲ್ಲವಳು ಎನ್ನುವುದೇ ಸರಿ.

ಟೆಕ್ಸಾಸ್‌ಗೆ ಈ ವಿಷಯ ಹೊಸದಲ್ಲ. 2001ರ ಜೂನ್ 20ರಂದು ಹ್ಯೂಸ್ಟನ್‌ನಲ್ಲಿ ಆಂಡ್ರಿಯಾ ಯೇಟ್ಸ್ ತನ್ನ ಐವರು ಮಕ್ಕಳನ್ನು ಸ್ನಾನದ ತೊಟ್ಟಿಯಲ್ಲಿ ಮುಳುಗಿಸಿ ಕೊಂದಳು. ನಾಲ್ಕನೆಯ ಮಗುವಿನ ನಂತರವೇ ಆತ್ಮಹತ್ಯೆಗೆ ಯತ್ನಿಸಿದ್ದಳು. ಇನ್ನೊಂದು ಮಗು ಅಪಾಯವೆಂದು ಮನೋವೈದ್ಯರು ಎಚ್ಚರಿಸಿದ್ದರು. 2002ರಲ್ಲಿ ಅಪರಾಧಿಯೆಂದ ನ್ಯಾಯಾಲಯ 2006ರ ಮರುವಿಚಾರಣೆಯಲ್ಲಿ ಮತಿವಿಕಲತೆಯ ಕಾರಣ ನಿರ್ದೋಷಿಯೆಂದಿತು. ಅದು ನಮ್ಮ ಅಜ್ಜಿಯರು ‘ಬಾಣಂತಿ ಸನ್ನಿ’ ಎನ್ನುತ್ತಿದ್ದ ಕಾಯಿಲೆ. ಸಾವಿರಕ್ಕೆ ಒಬ್ಬಿಬ್ಬರಲ್ಲಿ ಕಾಣುವಂಥದು, ಖಿನ್ನತೆಗಿಂತ ಬೇರೆ. ಸನ್ನಿಗೆ ಹೆಸರಿಟ್ಟ ಭಾಷೆ ಅದಕ್ಕಿಂತ ಎಷ್ಟೋ ಪಟ್ಟು ಸಾಮಾನ್ಯವಾದ ಖಿನ್ನತೆಯನ್ನು ಮಾತ್ರ ಸ್ವಭಾವದ ಲೆಕ್ಕಕ್ಕೆ ಬರೆದುಬಿಟ್ಟಿತು.

ಟೆಕ್ಸಾಸ್‌ನ ಬಡ ತಾಯಂದಿರಿಗೆ ಹೆರಿಗೆಯ ನಂತರ ಎರಡೇ ತಿಂಗಳಿಗೆ ಮುಗಿಯುತ್ತಿದ್ದ ಮೆಡಿಕೇಡ್ ಸೌಲಭ್ಯ, 2023ರ ಕಾನೂನಿನಿಂದಾಗಿ 2024ರ ಮಾರ್ಚಿನಿಂದ ಒಂದು ವರ್ಷಕ್ಕೆ ವಿಸ್ತರಿಸಿದೆ. ವೀಸಾದ ಮೇಲಿರುವ ಹೆಚ್ಚಿನ ಕನ್ನಡ ಕುಟುಂಬಗಳಿಗೆ ಅದು ದಕ್ಕುವುದಿಲ್ಲ. ಅವರ ಬೆನ್ನಿಗೆ ನಿಲ್ಲಬಹುದಾದದ್ದು ಕನ್ನಡ ಸಂಘಗಳು. ರಾಜ್ಯೋತ್ಸವಕ್ಕೆ ಸಭಾಂಗಣ ತುಂಬಿಸುವ ಈ ಸಂಘಗಳು ಕನ್ನಡ ಬಲ್ಲ ಆಪ್ತಸಲಹೆಗಾರರ ಪಟ್ಟಿಯೊಂದನ್ನು ಇಟ್ಟುಕೊಳ್ಳಲಾರವೇ? 1987ರ ಎಡಿನ್‌ಬರೊ ಮಾಪಕದಲ್ಲಿ ಇರುವುದು ಹತ್ತೇ ಪ್ರಶ್ನೆ. ಅವುಗಳಲ್ಲಿ ಮೂರು ಆತಂಕಕ್ಕೆ ಸಂಬಂಧಿಸಿದವು, ಕೊನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಕರ್ನಾಟಕದಲ್ಲಿ ಅದನ್ನು ಕನ್ನಡದಲ್ಲೇ ಬಳಸಿದ್ದಾರೆ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಜೊತೆಯಲ್ಲೇ ಇರಿಸಿ ಚಿಕಿತ್ಸೆ ನೀಡುವ ಘಟಕವೂ 2009ರಿಂದ ಇದೆ. ಸೀಮಂತಕ್ಕೆ ಬಳೆ ತೊಡಿಸುವ ಕೈಗಳೇ ಆರು ವಾರಗಳ ನಂತರ ಈ ಹಾಳೆಯನ್ನೂ ಹಿಡಿದು ಹೋಗಬಹುದು, ಅತ್ತೆ-ಮಾವಂದಿರು ಪಕ್ಕದ ಕೋಣೆಯಲ್ಲಿರುವಾಗ.

ಅಷ್ಟರವರೆಗೆ 1-833-852-6262 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. 2022ರಲ್ಲಿ ಆರಂಭವಾದ ಇದು ಹಗಲಿರುಳೂ ಉಚಿತ. ಇಂಗ್ಲಿಷ್ ಬಾರದ ತಾಯಿ ದುಭಾಷಿಯನ್ನು ಕೇಳಬಹುದು.