ಸ್ವಂತ ಮನೆಯ ಜಂತಿ ಎಣಿಸಬೇಕು

ಉಂಡ ಮನೆಯ ಜಂತಿ ಎಣಿಸಬಾರದೆಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಆದರೆ ತಾನು ಮಲಗಿ ಏಳುವ ಮನೆಯ ಜಂತಿಗಳನ್ನು ವರ್ಷಕ್ಕೊಮ್ಮೆಯಾದರೂ ಎಣಿಸದವನು ಗೃಹಸ್ಥನೇ ಅಲ್ಲವೆಂಬುದು ಬಯಲುಸೀಮೆಯ ಹಿರಿಯರ ತಿಳಿವಳಿಕೆ. ಅದಕ್ಕೆ ಅವರು ಗೊತ್ತುಮಾಡಿದ್ದ ಕಾಲವೂ ಉಚಿತವಾದುದೇ: ಭರಣಿ ಕಳೆದು ರೋಹಿಣಿ, ಮೃಗಶಿರಗಳು ಕಾಲಿಡುವ ಮುನ್ನ. ಮಳೆ ಹಿಡಿದ ಮೇಲೆ ಮಾಳಿಗೆ ಹತ್ತುವುದೆಂದರೆ ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಹಿಂದೆ ಬಳ್ಳಾರಿ ಜಿಲ್ಲೆಗೆ ಸೇರಿದ್ದು, 2021ರಿಂದ ವಿಜಯನಗರ ಜಿಲ್ಲೆಯಲ್ಲಿರುವ ಉಜ್ಜಿನಿಯು ಪಂಚಪೀಠಗಳಲ್ಲೊಂದೆಂದು ಪ್ರಸಿದ್ಧವಾದ ಕ್ಷೇತ್ರ. 'ಹಂಪೆಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು' ಎಂಬ ಮಾತು ಅಲ್ಲಿನ ಮರುಳಸಿದ್ಧೇಶ್ವರ ದೇವಾಲಯದ ಒಳಗಿನ ಕೆತ್ತನೆಯ ಹಿರಿಮೆಯನ್ನು ಸಾರುತ್ತದೆ. ಬೇಸಗೆಯ ಜಾತ್ರೆಯ ಸಂದರ್ಭದಲ್ಲಿ ಆ ದೇವಾಲಯದ ಶಿಖರಕ್ಕೆ ತೈಲಾಭಿಷೇಕ ನಡೆಯುತ್ತದೆ. ನೆತ್ತಿಯಿಂದ ಇಳಿದುಬರುವ ಎಣ್ಣೆಯನ್ನು ಕಾಣಲು ಸಾವಿರಾರು ಕಣ್ಣುಗಳು ಮೇಲಕ್ಕೆ ಎತ್ತಿ ನಿಲ್ಲುತ್ತವೆ. ಅದು ಭಕ್ತಿಗೆ ಸಂಬಂಧಿಸಿದ ವಿಷಯ. ಆದರೆ ಅದೇ ದಿನಗಳಲ್ಲಿ ತಮ್ಮ ಮನೆಯ ನೆತ್ತಿಯತ್ತಲೂ ಒಮ್ಮೆ ಕಣ್ಣೆತ್ತುವುದು ಸಂಸಾರಿಗಳಿಗೆ ಹಿತಕರವಾದ ಸಂಗತಿ.

ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಗಳ ಸುತ್ತಿನ ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆಯೇ ಹೊದಿಕೆ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಗಳ ಮೇಲೆ ಜಂತಿ, ಅವುಗಳ ಮೇಲೆ ಹಲಗೆ ಅಥವಾ ಸಣ್ಣ ಕಟ್ಟಿಗೆ, ಅದರ ಮೇಲೆ ಹುಲ್ಲು ಸೊಪ್ಪುಗಳ ಹಾಸು, ಎಲ್ಲಕ್ಕೂ ಮೇಲೆ ತುಳಿದು ಬಡಿದ ಮಣ್ಣು. ಕೊನೆಯ ಪದರಕ್ಕೆ ಮಾತ್ರ ಸವುಳು ಮಣ್ಣೇ ಬೇಕು. ಹೊಲದಲ್ಲಿ ಬೆಳೆಗೆ ಶತ್ರುವೆನಿಸಿದ ಆ ಕ್ಷಾರದ ಮಣ್ಣು ಮಾಳಿಗೆಯ ಮೇಲೆ ಮಿತ್ರನಾಗುತ್ತದೆ. ಅದರಲ್ಲಿರುವ ಸೋಡಿಯಂ ಲವಣದ ದೆಸೆಯಿಂದ, ನೀರು ಸೋಕಿದೊಡನೆ ಜೇಡಿಯ ಅತಿ ಸೂಕ್ಷ್ಮ ಕಣಗಳು ಒಂದರಿಂದೊಂದು ಬೇರ್ಪಟ್ಟು, ಮಣ್ಣಿನ ರಂಧ್ರಗಳನ್ನು ತುಂಬಿ ಮುಚ್ಚುತ್ತವೆ. ಹೊಲದಲ್ಲಿ ನೀರು ಇಂಗದಂತೆ ಮಾಡಿ ಪೈರನ್ನು ಕೆಡಿಸುವ ಗುಣವೇ ಮನೆಯಲ್ಲಿ ಸೋರಿಕೆಯನ್ನು ತಡೆಯುತ್ತದೆ. ರಸಾಯನಶಾಸ್ತ್ರವನ್ನು ಓದದ ರೈತರು ಈ ಗುಟ್ಟನ್ನು ಅನುಭವದಿಂದಲೇ ಕಂಡುಕೊಂಡಿದ್ದರು.

ಮಳೆಯ ಹೊಡೆತಕ್ಕೆ ಈ ಪದರವು ಅಷ್ಟಷ್ಟೇ ಕೊಚ್ಚಿಹೋಗುವುದರಿಂದ ಬೇಸಗೆಯಲ್ಲಿ ಹೊಸ ಮಣ್ಣು ಹಾಕುವುದು ವಾಡಿಕೆ. ಉಪಕಾರದ ಈ ಕಾರ್ಯದಲ್ಲಿಯೇ ಅಪಾಯವೂ ಅಡಗಿದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಕೋಣೆಯ ಮೇಲೆ ಒಂದಂಗುಲ ದಪ್ಪ ಮಣ್ಣು ಹರಡಿದರೆ, ಒಣಗಿದ್ದಾಗಲೇ ಅದರ ತೂಕ ಸುಮಾರು 350 ಕಿಲೋಗ್ರಾಂ. ಹಳೆಯದನ್ನು ಕೆರೆದು ತೆಗೆಯದೆ ಹೊಸದನ್ನು ಪೇರಿಸುತ್ತ ಹೋಗಿ ಐದು ಅಂಗುಲ ಹೆಚ್ಚಾಯಿತೆಂದರೆ ಜಂತಿಗಳ ಮೇಲೆ ಒಂದೂಮುಕ್ಕಾಲು ಟನ್ನಿನಷ್ಟು ಭಾರ ಹೊಸದಾಗಿ ಬಿದ್ದಂತೆ. ದೋಣಿಯ ಬಾಯಿ ಕಟ್ಟಿಕೊಂಡು ಒಂದಂಗುಲ ಮಳೆನೀರು ನಿಂತರೆ ಅದೇ ಕೋಣೆಯ ಮೇಲೆ ಮತ್ತೆ 236 ಲೀಟರು ನೀರಿನ ಹೊರೆ. ಇತ್ತ ಗೋಡೆಯೊಳಗೆ ಹುದುಗಿದ ಜಂತಿಯ ತುದಿಯನ್ನು ಗೆದ್ದಲು ತಿಂದಿದ್ದರೆ, ಎಡೆಬಿಡದೆ ಸುರಿಯುವ ಜಡಿಮಳೆಯ ಒಂದು ರಾತ್ರಿ ಮಾಳಿಗೆ ಕುಸಿಯಲು ಬೇರೆ ಕಾರಣವೇ ಬೇಕಾಗಿಲ್ಲ. ಸೋರುವ ಮನೆ ನಿದ್ದೆಯನ್ನು ಮಾತ್ರ ಕೆಡಿಸೀತು. ಕುಸಿಯುವ ಮನೆ ನಿದ್ದೆಯಲ್ಲಿದ್ದವರನ್ನು ಏಳಗೊಡದು.

ನಿಂತ ನೀರಿನ ಈ ಹಗೆತನ ಶೀತದೇಶಗಳಲ್ಲಿ ಬೇರೊಂದು ವೇಷ ತಳೆಯುತ್ತದೆ. ಅಲ್ಲಿ ಚಾವಣಿಯ ಮೇಲಿನ ಹಿಮವು ಮನೆಯೊಳಗಿನ ಕಾವಿಗೆ ಕರಗಿ ಕೆಳಗೆ ಹರಿದು, ತಣ್ಣನೆಯ ಸೂರಿನ ಅಂಚಿನಲ್ಲಿ ಮತ್ತೆ ಹೆಪ್ಪುಗಟ್ಟಿ ಕಟ್ಟೆಯಾಗುತ್ತದೆ. ಹಿಂದೆ ತಡೆದು ನಿಂತ ನೀರು ಹೊದಿಕೆಯ ಸಂದುಗಳಲ್ಲಿ ನುಗ್ಗಿ ಕೋಣೆಗೆ ಇಳಿಯುತ್ತದೆ. ಮಂಜುಗಡ್ಡೆಯನ್ನು ಕೊಡಲಿಯಿಂದ ಒಡೆಯಹೊರಟರೆ ಚಾವಣಿಗೇ ಪೆಟ್ಟು. ಆದುದರಿಂದ ಚಳಿಗಾಲಕ್ಕೆ ಮೊದಲೇ ಮನೆಯ ಕಾವು ಮೇಲಕ್ಕೆ ಸೋರದಂತೆ ಅಟ್ಟದಲ್ಲಿ ಬಂದೋಬಸ್ತು ಮಾಡಿ, ನೀರಿನ ಹಾದಿಯನ್ನು ತೆರವಾಗಿಡುವುದೇ ಅಲ್ಲಿನವರ ಉಪಾಯ. ಉಜ್ಜಿನಿಯ ಬಿಸಿಲಿಗೂ ಆ ಹಿಮಕ್ಕೂ ಅಜಗಜಾಂತರವಿದ್ದರೂ ನೀತಿ ಒಂದೇ: ನೀರಿಗೆ ಹೋಗಲು ದಾರಿ ಕೊಡಬೇಕು, ಅದನ್ನು ಬರುವ ಮೊದಲೇ ಕೊಡಬೇಕು.

ಪಟ್ಟಣದ ಕಾಂಕ್ರೀಟು ತಾರಸಿಗೂ ಈ ನೀತಿ ಸಲ್ಲುತ್ತದೆ. ಮೇ ತಿಂಗಳಲ್ಲಿಯೇ ತಾರಸಿಯನ್ನು ಗುಡಿಸಿ, ಕೊಳವೆಯ ಬಾಯಿಯ ಎಲೆ, ಕಸ, ಗಾಳಿಪಟದ ದಾರಗಳನ್ನು ತೆಗೆಯಬೇಕು. ಬಿರುಕಿನಲ್ಲಿ ತಲೆಯೆತ್ತಿದ ಅರಳಿ, ಆಲದ ಸಸಿಗಳನ್ನು ಎಳೆಯದರಲ್ಲಿಯೇ ಬೇರುಸಹಿತ ಕೀಳಬೇಕು. ಒಂದೆರಡು ಕೊಡ ನೀರು ಸುರಿದರೆ ಅದು ಎತ್ತ ಹರಿಯುತ್ತದೆ, ಎಲ್ಲಿ ಮಡುಗಟ್ಟುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಮಡುಗಟ್ಟಿದೆಡೆಯಲ್ಲಿ ಇಳಿಜಾರನ್ನು ಸರಿಪಡಿಸಬೇಕು. ಬಿರುಕಿನೊಳಗೆ ಇಳಿದ ನೀರು ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಒಳಗಿನಿಂದ ಎಷ್ಟು ಸಲ ಸುಣ್ಣ ಬಳಿದರೂ ಆ ಕಲೆ ಮತ್ತೆ ಮೂಡುವುದು ಇದರಿಂದಲೇ. ಮದ್ದು ಮೇಲ್ಗಡೆ ಸಲ್ಲಬೇಕೇ ಹೊರತು ಕೆಳಗಡೆಯಲ್ಲ.

ಕೊಟ್ಟೂರಿನ ಜಾತ್ರೆಗೋ ಉಜ್ಜಿನಿಯ ತೇರಿಗೋ ಊರಿಗೆ ಹೋಗುವ ಪಟ್ಟಣವಾಸಿಗಳಲ್ಲಿ ಎಷ್ಟೋ ಮಂದಿಯ ತಂದೆತಾಯಿಗಳು ಹಳೆಯ ಮಾಳಿಗೆಯ ಕೆಳಗೇ ಮಲಗುವವರು. ಹೋದವರು ಅರ್ಧಗಂಟೆ ಬಿಡುವು ಮಾಡಿಕೊಂಡು ಜಂತಿಗಳನ್ನು ಒಂದೊಂದಾಗಿ ನೋಡಬೇಕು. ಗೋಡೆ ಸೇರುವ ತುದಿಯನ್ನು ಬೆರಳಿನಿಂದ ಬಡಿದು, ಪೊಳ್ಳು ಸದ್ದು ಬರುವುದೇ ಎಂದು ಕೇಳಬೇಕು. ಬಾಗಿದ ಜಂತಿ, ಹೊಸ ಬಿರುಕು, ಕಾರಣವಿಲ್ಲದೆ ಉದುರುವ ಮಣ್ಣು, ನಿನ್ನೆಯವರೆಗೆ ಸಲೀಸಾಗಿದ್ದು ಇಂದು ಬಿಗಿಯುವ ಬಾಗಿಲು, ಇವೆಲ್ಲ ಮನೆ ತಾನಾಗಿ ಕೊಡುವ ಮುನ್ಸೂಚನೆಗಳು. ಇವುಗಳಲ್ಲಿ ಒಂದು ಕಂಡರೂ ಬಡಗಿಯನ್ನು ಕರೆಸಿ, ಹಳೆಯ ಮಣ್ಣನ್ನು ಇಳಿಸಿ, ಊರೆ ಕೊಡಿಸಬೇಕು. ಆ ಕೆಲಸ ಮುಗಿಯುವವರೆಗೆ ಹಿರಿಯರ ಹಾಸಿಗೆಯನ್ನು ಆ ಕೋಣೆಯಿಂದ ಬೇರೆಡೆಗೆ ಸಾಗಿಸಬೇಕು. ಊರೆಯ ಕಂಬಕ್ಕೆ ತಗಲುವ ವೆಚ್ಚ ಅಲ್ಪ. ಮುಂದಿನ ಜಾತ್ರೆಗೆ ಬಂದಾಗ ಬಾಗಿಲಲ್ಲಿ ನಿಂತು ಎದುರುಗೊಳ್ಳುವವರು ಇರಬೇಕಾದುದು ಮುಖ್ಯ.