ಎಲ್ಲಾ ಆಟಕ್ಕೂ ಸೈ ಅನ್ನೋ ಹುಡುಗಿಯನ್ನ ಏನು ಮಾಡ್ತೀರಿ?

ಮಳೆ ತುಸು ಬಿಡುವು ಕೊಟ್ಟಿತೆಂದರೆ ಹೈಸ್ಕೂಲು ಮಕ್ಕಳ ತಾಲೂಕು ಕ್ರೀಡಾಕೂಟ ಶುರು. ಸಂಜೆ ಬಸ್ಸು ಹತ್ತುವವರಿಗೆ ಈ ನೋಟ ಹೊಸದಲ್ಲ. ಮೊಣಕಾಲಿಗೆಲ್ಲ ಮಣ್ಣು ಮೆತ್ತಿಕೊಂಡ ಮಕ್ಕಳು, ಕೈಯಲ್ಲೊಂದು ಶೀಲ್ಡು, ಬಾಗಿಲ ಬಳಿ ತಲೆ ಎಣಿಸುತ್ತಾ ನಿಂತ ಪಿ.ಟಿ. ಮೇಷ್ಟ್ರು. ಆ ಗುಂಪಿನಲ್ಲಿ ಒಬ್ಬಳು ಇದ್ದೇ ಇರುತ್ತಾಳೆ. ನೂರು ಮೀಟರಿಗೂ ಅವಳೇ, ಲಾಂಗ್ ಜಂಪಿಗೂ ಅವಳೇ, ಖೋಖೋಗೂ ಅವಳೇ, ಥ್ರೋಬಾಲಿಗೆ ಒಬ್ಬರು ಕಮ್ಮಿ ಬಿದ್ದರೆ ಅಲ್ಲಿಗೂ ಅವಳೇ.

‘ದೇವರು ಕೊಟ್ಟ ಮೈ’ ಅಂತ ಊರು ಮಾತಾಡುತ್ತದೆ. ಸರಿ ಸ್ವಾಮಿ, ದೇವರು ಕೊಟ್ಟ. ಕೊಟ್ಟಿದ್ದನ್ನು ನಾವೇನು ಮಾಡುತ್ತಿದ್ದೇವೆ?

ಇಲ್ಲಿ ಎರಡು ಪಾರ್ಟಿಗಳಿವೆ. ‘ಹತ್ತನೇ ಕ್ಲಾಸು ಬಂತು, ಕುಣಿದದ್ದು ಸಾಕು, ಪುಸ್ತಕ ಹಿಡಿ’ ಅನ್ನುವುದು ಒಂದು ಪಾರ್ಟಿ. ‘ಎಲ್ಲಾ ಆಡೋಕೆ ಹೋದ್ರೆ ಯಾವುದೂ ಬರಲ್ಲ, ಈಗ್ಲೇ ಒಂದನ್ನ ಹಿಡಿ’ ಅನ್ನುವುದು ಇನ್ನೊಂದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಎರಡನೆಯವರ ಬಾಯಲ್ಲಿ ಸದಾ ಸಿದ್ಧ. ತಿಂಗಳ ಫೀಸು ಕಟ್ಟಿಸಿಕೊಳ್ಳುವ ಕೋಚಿಂಗ್ ಕ್ಯಾಂಪುಗಳಿಗೂ ಈ ಗಾದೆ ಬಲು ಇಷ್ಟ. ಎರಡೂ ಪಾರ್ಟಿಯವರು ಮಗುವಿನ ಒಳ್ಳೇದಕ್ಕೇ ಹೇಳುತ್ತಾರೆ, ಅನುಮಾನವಿಲ್ಲ. ಆದರೆ ಇಬ್ಬರಿಗೂ ಅವಸರ.

ಹುಟ್ಟುಗುಣ ಎಂಬುದು ಸುಳ್ಳಲ್ಲ. ಚಕ್ಕನೆ ಬಿಗಿದು ಬಲ ಕೊಡುವ ಸ್ನಾಯುವಿನ ಎಳೆಗಳು ಕೆಲವರ ಮೈಯಲ್ಲಿ ಜಾಸ್ತಿ. ಬೇಗ ದಣಿಯದ ಎಳೆಗಳು ಇನ್ನು ಕೆಲವರಲ್ಲಿ ಜಾಸ್ತಿ. ಮೊದಲನೆಯವರು ನೂರು ಮೀಟರಿಗೆ ಲಾಯಕ್ಕು, ಎರಡನೆಯವರು ದೂರದ ಓಟಕ್ಕೆ. ಆದರೆ ಯಾರ ಹಣೆಯ ಮೇಲೂ ಆಟದ ಹೆಸರು ಬರೆದಿರುವುದಿಲ್ಲ. ಅದು ನಾಲ್ಕು ಆಟ ಆಡಿಸಿ ನೋಡಿದರೆ ಮಾತ್ರ ತಿಳಿಯುವಂಥದ್ದು.

ರಾಂಚಿಯ ಶಾಲೆಯೊಂದರಲ್ಲಿ ಫುಟ್‌ಬಾಲ್ ಗೋಲ್‌ಕೀಪರ್ ಆಗಿದ್ದ ಹುಡುಗನ ಕೈಚಳಕ ನೋಡಿ ಅಲ್ಲಿಯ ಮೇಷ್ಟ್ರು ವಿಕೆಟ್ ಹಿಂದೆ ನಿಲ್ಲಿಸಿದರು. ಆ ಹುಡುಗ ಎಂ.ಎಸ್. ಧೋನಿ. ‘ನೀನು ಫುಟ್‌ಬಾಲ್ ಒಂದನ್ನೇ ಹಿಡಿ’ ಎಂದು ಯಾರಾದರೂ ಗದರಿದ್ದರೆ? ಹರಿಯಾಣದ ಖಂಡ್ರಾ ಹಳ್ಳಿಯ ನೀರಜ್ ಚೋಪ್ರಾ ಮೈ ದಪ್ಪಗಿದೆ, ಸ್ವಲ್ಪ ಕರಗಲಿ ಎಂದು ಮನೆಯವರು ಕಳಿಸಿದ ಹುಡುಗ. ಪಾಣಿಪತ್ತಿನ ಸ್ಟೇಡಿಯಂನಲ್ಲಿ ಬೇರೆಯವರು ಭರ್ಜಿ ಎಸೆಯುವುದನ್ನು ಕಂಡ, ತಾನೂ ಎಸೆದ. 2021ರಲ್ಲಿ ಟೋಕಿಯೋದಲ್ಲಿ 87.58 ಮೀಟರ್ ಎಸೆದು ಒಲಿಂಪಿಕ್ ಚಿನ್ನ ತಂದ. ಇಬ್ಬರ ವಿಷಯದಲ್ಲೂ ಕಣ್ಣೆದುರು ಇನ್ನೊಂದು ಆಟ ಇತ್ತು, ಅದಕ್ಕೇ ದಾರಿ ತೆರೆಯಿತು.

ಇನ್ನು ತಡವಾಗಿ ಕಣ್ಣು ಬಿಟ್ಟರೆ ಏನಾಗುತ್ತದೆ? ಅದಕ್ಕೂ ಉದಾಹರಣೆ ಉಂಟು. 2019ರಲ್ಲಿ ಮಧ್ಯಪ್ರದೇಶದ ಹಳ್ಳಿಯ ಯುವಕನೊಬ್ಬ ಬರಿಗಾಲಲ್ಲಿ ನೂರು ಮೀಟರನ್ನು 11 ಸೆಕೆಂಡಿನಲ್ಲಿ ಓಡುತ್ತಾನೆಂದು ವಿಡಿಯೋ ಹರಿದಾಡಿತು. ಭೋಪಾಲಕ್ಕೆ ಕರೆಸಿ ಟ್ರ್ಯಾಕಿನ ಮೇಲೆ ಓಡಿಸಿದರೆ ಬಡಪಾಯಿ ಕೊನೆಯವನಾಗಿ ಬಂದ. 2020ರ ಫೆಬ್ರವರಿಯಲ್ಲಿ ನಮ್ಮ ಮೂಡಬಿದಿರೆ ಕಡೆಯ ಕಂಬಳದ ಓಟಗಾರ ಶ್ರೀನಿವಾಸ ಗೌಡರ ಸುದ್ದಿ ದೇಶವೆಲ್ಲ ತುಂಬಿತು. ಐಕಳ ಕಂಬಳದಲ್ಲಿ ಕೋಣಗಳ ಜೊತೆ 142.5 ಮೀಟರ್ ಕೆಸರನ್ನು 13.62 ಸೆಕೆಂಡಿನಲ್ಲಿ ದಾಟಿದ್ದರು. ಯಾರೋ ಭಾಗಾಕಾರ ಮಾಡಿ ‘ನೂರು ಮೀಟರಿಗೆ 9.55, ಬೋಲ್ಟನ 9.58ಕ್ಕಿಂತ ಜೋರು’ ಎಂದರು. ಕೇಂದ್ರದ ಕ್ರೀಡಾ ಸಚಿವರೇ ಟ್ರಯಲ್‌ಗೆ ಕರೆದರು. ಕಂಬಳವೇ ಬೇರೆ, ಟ್ರ್ಯಾಕೇ ಬೇರೆ ಎಂದು ಗೌಡರು ಹೋಗಲಿಲ್ಲ. ಅಷ್ಟು ಗದ್ದಲದ ನಡುವೆ ವಿವೇಕದ ಮಾತು ಅದೊಂದೇ. ಕೋಣ ಎಳೆದ ಓಟಕ್ಕೂ ಒಬ್ಬನೇ ಓಡುವ ಓಟಕ್ಕೂ ಲೆಕ್ಕ ಸೇರುವುದಿಲ್ಲ. ಅಲ್ಲದೆ ಆಗ ಅವರಿಗೆ 28 ವರ್ಷ. ಹದಿನಾಲ್ಕರಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಇಪ್ಪತ್ತೆಂಟರಲ್ಲಿ ಕೇಳಿದರೆ ಉತ್ತರ ಎಲ್ಲಿಂದ ಬರಬೇಕು? ಬೆಳೆಯ ಸಿರಿ ಮೊಳಕೆಯಲ್ಲಿ ನೋಡಬೇಕು. ಮೊಳಕೆ ಇರುವುದು ಹೈಸ್ಕೂಲು ಮೈದಾನದಲ್ಲಿ.

ಹಾಗಾದರೆ ಮೊಳಕೆಯನ್ನೇ ಒಂದು ಕ್ಯಾಂಪಿಗೆ ಕಟ್ಟಿಹಾಕೋಣವೇ? ಅದೂ ಬೇಡ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲೇ ಎಚ್ಚರಿಸಿದೆ. ಹೆಚ್ಚಿನ ಆಟಗಳಲ್ಲಿ ಹದಿನೈದು ಹದಿನಾರು ವರ್ಷದವರೆಗೆ ಮಗುವನ್ನು ಒಂದೇ ಆಟಕ್ಕೆ ಕಟ್ಟಬೇಡಿ. ವಾರಕ್ಕೆ ಒಂದೆರಡು ದಿನ, ವರ್ಷಕ್ಕೆ ಒಟ್ಟು ಮೂರು ತಿಂಗಳು ಆ ಆಟದಿಂದ ಬಿಡುವು ಕೊಡಿ. ಕಾರಣ ಸರಳ. ಬೆಳೆಯುವ ಮೂಳೆ ಇನ್ನೂ ಎಳಸು. ದಿನಾ ಒಂದೇ ಭುಜಕ್ಕೆ, ಒಂದೇ ಮಂಡಿಗೆ, ಒಂದೇ ಬಗೆಯ ಏಟು ಬಿದ್ದರೆ ಸವೆಯುತ್ತದೆ. ಮನಸ್ಸಿಗೂ ಸಾಕಾಗಿ ಹೋಗುತ್ತದೆ. ಜಿಮ್ನಾಸ್ಟಿಕ್ಸ್‌ನಂಥ ಕೆಲವು ಆಟಕ್ಕೆ ಚಿಕ್ಕ ವಯಸ್ಸಿನಲ್ಲೇ ಕೂರಬೇಕಾಗುತ್ತದೆ, ನಿಜ. ಆದರೆ ಓಟ, ಜಿಗಿತ, ಕಬಡ್ಡಿ, ವಾಲಿಬಾಲ್‌ಗೆ ಆ ಅವಸರವಿಲ್ಲ. ಖೋಖೋದಲ್ಲಿ ಕಲಿತ ತಿರುವು ಕಬಡ್ಡಿಗೆ ಬರುತ್ತದೆ, ವಾಲಿಬಾಲಿನಲ್ಲಿ ಹಾರಿದ ಕಾಲು ಹೈಜಂಪಿಗೆ ಬರುತ್ತದೆ. ಒಂದರ ದುಡಿಮೆ ಇನ್ನೊಂದರ ಖಾತೆಗೆ ಜಮಾ. ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ನಮ್ಮ ಎಡವಟ್ಟು ನೋಡಿ. ಹದಿನೈದು ಹದಿನಾರು ಅಂದರೆ ನಮ್ಮಲ್ಲಿ ಎಸ್ಸೆಸ್ಸೆಲ್ಸಿ. ಎಲ್ಲಾ ಆಡಿ ಒಂದನ್ನು ಆರಿಸಿಕೊಳ್ಳಬೇಕಾದ ಆ ಹೊತ್ತಿಗೇ ನಾವು ಆಟದ ಬಾಗಿಲು ಹಾಕುತ್ತೇವೆ. ಎಲ್ಲಾ ಆಡಬೇಕಾದ ಹನ್ನೊಂದು ಹನ್ನೆರಡಕ್ಕೆ ‘ಒಂದನ್ನ ಆರಿಸು’ ಅನ್ನುತ್ತೇವೆ. ಹುಡುಗಿಯಾದರಂತೂ ಹತ್ತನೇ ಕ್ಲಾಸಿಗೆ ಬಾಗಿಲ ಜೊತೆ ಬೀಗವೂ ಬೀಳುತ್ತದೆ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆಯಿತು. ಭಾರತದ ಗಂಡಸರ ತಂಡವೂ ಗೆದ್ದಿತು, ಹೆಂಗಸರ ತಂಡವೂ ಗೆದ್ದಿತು. ಹೆಂಗಸರ ತಂಡದಲ್ಲಿ ಟಿ. ನರಸೀಪುರ ತಾಲೂಕು ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಹುಡುಗಿ ವಿಶ್ವಕಪ್ ಆಡಿ ಬಂದಳೆಂದು ಹೆಮ್ಮೆಪಡುವ ನಾವು, ನಮ್ಮ ಮನೆ ಹುಡುಗಿಗೆ ಒಂದು ವರ್ಷ ಹೆಚ್ಚು ಆಡಲು ಬಿಡುತ್ತೇವೆಯೇ?

ಕೋಟಿ ಖರ್ಚಿನ ಸ್ಟೇಡಿಯಂ ಈಗಲೇ ಯಾರೂ ಕೇಳುತ್ತಿಲ್ಲ. ವಾರದ ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಎತ್ತಿಕೊಡಬೇಡಿ. ಪಿ.ಟಿ. ಮೇಷ್ಟ್ರನ್ನು ಬಿಸಿಯೂಟದ ಲೆಕ್ಕಕ್ಕೆ, ಜನಗಣತಿಗೆ ಓಡಿಸಬೇಡಿ. ಮಗುವಿನ ಓಟದ ಸಮಯ, ಜಿಗಿತದ ಅಳತೆ ಎಂಟರಿಂದ ಹತ್ತನೇ ಕ್ಲಾಸಿನವರೆಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸರ್ಕಾರದ ಕ್ರೀಡಾ ಹಾಸ್ಟೆಲ್‌ಗಳ ಆಯ್ಕೆ ಯಾವಾಗ, ಎಲ್ಲಿ ಎಂಬುದನ್ನು ಶಾಲೆಯ ನೋಟೀಸ್ ಬೋರ್ಡಿಗೆ ಹಚ್ಚಿ. ಇಷ್ಟಕ್ಕೆ ಬಜೆಟ್ ಬೇಡ, ಮನಸ್ಸು ಬೇಕು.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಎಲ್ಲಾ ಆಡಿದ ಮಕ್ಕಳೆಲ್ಲ ಧೋನಿ ಆಗುವುದಿಲ್ಲ, ಚೈತ್ರಾ ಆಗುವುದಿಲ್ಲ. ಹೆಚ್ಚಿನವರು ನಮ್ಮ ನಿಮ್ಮ ಹಾಗೆ ಅಂಗಡಿಗೆ, ಆಫೀಸಿಗೆ ಬರುತ್ತಾರೆ. ಆದರೆ ಗಟ್ಟಿ ಮೈ, ಸೋತರೂ ಎದ್ದು ನಿಲ್ಲುವ ಬುದ್ಧಿ ಹೊತ್ತು ಬರುತ್ತಾರೆ. ಅದು ನಷ್ಟದ ವ್ಯಾಪಾರವೇ, ನೀವೇ ಹೇಳಿ.